ಯಾವ ಜರಡಿ, ಎಷ್ಟು ತೂತು?

ನಮ್ಮ ಗುಡಗೇರಿ ಎರಿಭೂಮಿಯ ಊರು. ಮಳೆಗಾಲದಲ್ಲಿ ಹೊಲಕ್ಕೆ ಹೋಗಿ ಬಂದರೆ ಒಂದೊಂದು ಚಪ್ಪಲಿಗೂ ಸೇರುಗಟ್ಟಲೆ ಮಣ್ಣು ಅಂಟಿಕೊಂಡು ಬರುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಹತ್ತಿ, ಜೋಳ, ಕಡಲಿ, ಮೆಣಸಿನಕಾಯಿ ಎಲ್ಲಕ್ಕೂ ಒಳ್ಳೆಯ ಭೂಮಿ. ಆದರೆ ಉಸುಕು ಮಾತ್ರ ಇಲ್ಲಿಲ್ಲ. ನಮ್ಮ ಮಕ್ಕಳಿಗೆ ಉಸುಕು ಎಂದರೆ ಯಾರದಾದರೂ ಮನೆ ಕಟ್ಟುವಾಗ ಟ್ರ್ಯಾಕ್ಟರಿನಲ್ಲಿ ಬಂದು ಬೀದಿಯಲ್ಲಿ ಬೀಳುವ ಗುಡ್ಡೆ. ಅದು ಬಿದ್ದ ದಿನವೇ ಓಣಿಯ ಮಕ್ಕಳೆಲ್ಲ ಅಲ್ಲಿ ಹಾಜರು. ಸಮುದ್ರ ನೋಡದ ಮಕ್ಕಳಿಗೆ ಅದೇ ಸಮುದ್ರತೀರ.

ಉಸುಕು ಇಲ್ಲದ ಊರಾದರೂ ಸೋಸುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ನಮ್ಮ ಅಡುಗೆಮನೆಯ ಗೋಡೆಗೆ ಮೂರು ಮೊಳೆಗಳಿವೆ. ಒಂದರಲ್ಲಿ ಜೋಳದ ಹಿಟ್ಟಿನ ಸಾಣಿಗಿ, ಇನ್ನೊಂದರಲ್ಲಿ ಜೋಳದ ಜರಡಿ, ಮೂರನೆಯದರಲ್ಲಿ ಕಡಲಿ ಜರಡಿ. ಹೊಸದಾಗಿ ಮದುವೆಯಾಗಿ ಬಂದಾಗ ಇವೆಲ್ಲ ನನಗೆ ಒಂದೇ ರೀತಿ ಕಾಣುತ್ತಿದ್ದವು. ನಮ್ಮ ಅತ್ತಿ ಒಮ್ಮೆ ಕೂರಿಸಿಕೊಂಡು ಹೇಳಿದ್ದರು: "ಸಾಣಿಗಿ ತಗೊಳ್ಳೋ ಮುಂದ ಎರಡು ಪ್ರಶ್ನೆ ಕೇಳ್ಕೋಬೇಕವಾ. ಏನು ಮ್ಯಾಲೆ ಉಳೀಬೇಕು? ಏನು ಕೆಳಗ ಬೀಳಬೇಕು? ಈ ಎರಡಕ್ಕೂ ಉತ್ತರ ಗೊತ್ತಿದ್ರ ತೂತು ತಾನ ಗೊತ್ತಾಕ್ಕತಿ." ಹಿಟ್ಟಿನಲ್ಲಿ ಕೆಳಗೆ ಬಿದ್ದದ್ದು ನಮಗೆ ಬೇಕು, ಮೇಲೆ ಉಳಿದ ತೌಡು ದನಕ್ಕೆ. ಕಾಳಿನಲ್ಲಿ ಮೇಲೆ ಉಳಿದದ್ದು ನಮಗೆ, ಕೆಳಗೆ ಬಿದ್ದ ಮಣ್ಣು ತಿಪ್ಪೆಗೆ. ಈ ಪಾಠ ಬಂಗಾರಕ್ಕೂ ಅನ್ವಯಿಸುತ್ತದೆ ಎಂದು ತಿಳಿದದ್ದು ಹಿಂದಿನ ಒಂದು ದೀಪಾವಳಿ ರಜೆಯಲ್ಲಿ.

ಆಗ ನಾವು ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಸುತ್ತಿದ್ದೆವು. ಒಂದು ಬ್ರಾಸ್ ಉಸುಕು, ಅಂದರೆ 100 ಘನ ಅಡಿ, ಮನೆಯ ಮುಂದೆ ಬಿದ್ದಿತ್ತು. ರಜೆಗೆಂದು ನನ್ನ ತಮ್ಮನ ಮಗಳು ಬಂದಿದ್ದಳು. ಆರು ವರ್ಷದ ಹುಡುಗಿ, ಹುಬ್ಬಳ್ಳಿಯಲ್ಲಿ ಬೆಳೆದವಳು. ಗೌಂಡಿಯ ಕೈಕೆಳಗೆ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳ ಜೊತೆಗೂ ಹೆಚ್ಚು ಕಡಿಮೆ ಅಷ್ಟೇ ವಯಸ್ಸಿನ ಮಗಳೊಬ್ಬಳು ಬರುತ್ತಿದ್ದಳು. ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಆ ಗುಡ್ಡೆಯ ಮೇಲೆ ಗುಡಿ ಕಟ್ಟುವುದು, ಬಾವಿ ತೋಡುವುದು, ಕಾಲ ಮೇಲೆ ಉಸುಕು ಮೆತ್ತಿ ಗೂಡು ಮಾಡುವುದು.

ಮೂರನೆಯ ದಿನ ಸಂಜೆ ತಲೆ ಬಾಚುವಾಗ ನೋಡಿದರೆ ನಮ್ಮ ಸಣ್ಣಾಕಿಯ ಬಲಗಿವಿ ಬರಿದು. ಓಲೆಯೂ ಇಲ್ಲ, ಅದರ ತಿರುಪೂ ಇಲ್ಲ. ಎರಡು ಗ್ರಾಮಿನ ಓಲೆ. ತೂಕ ಸಣ್ಣದು, ಆದರೆ ನಮ್ಮವ್ವ ತೀರಿಕೊಂಡ ಮೇಲೆ ಅವಳ ಬುಗುಡಿ ಕರಗಿಸಿ ಮಾಡಿಸಿದ್ದು. ತಮ್ಮನಿಗೆ ಹೇಗೆ ಹೇಳಲಿ ಎಂದು ನಾನು ನಿಂತೇ ಇದ್ದೆ. ಅಷ್ಟರಲ್ಲಿ ಓಣಿಗೆ ಸುದ್ದಿ ಹೋಯಿತು. ನೋಡಲು ಬಂದವರಲ್ಲಿ ಒಬ್ಬರು ದನಿ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವಷ್ಟು ತಗ್ಗಿಸಿ, "ಆ ಕೆಲಸದಾಕಿ ಹುಡುಗಿನ್ನ ಒಮ್ಮೆ ಕೇಳ್ರಿ, ದಿನಾ ಜೋಡೀನ ಇರ್ತಿತ್ತಲ್ಲ" ಎಂದರು.

ಕೈಕಾಲು ತೊಳೆದು ಮನೆಗೆ ಹೊರಟಿದ್ದ ಆ ತಾಯಿಗೆ ಈ ಮಾತು ಕೇಳಿಸಿತು. ಆಕೆ ಜಗಳ ಮಾಡಲಿಲ್ಲ, ಅಳಲಿಲ್ಲ. ಬುತ್ತಿಯ ಗಂಟನ್ನು ಕಟ್ಟೆಯ ಮೇಲೆ ಬಿಚ್ಚಿಟ್ಟಳು. ಮಗಳ ಲಂಗದ ಚುಂಗು ಜಾಡಿಸಿ ತೋರಿಸಿದಳು. ಮಗು ಏನೂ ತಿಳಿಯದೆ ತಾಯಿಯ ಸೆರಗು ಹಿಡಿದು ನಿಂತಿತ್ತು. "ನೀವು ನಂಬ್ತೀರಿ, ಅದು ಗೊತ್ತೈತ್ರಿ ಟೀಚರ್ರ. ಆದ್ರ ನಾಳೆ ಮತ್ತೊಬ್ಬರ ಮನಿಗೆ ಕೆಲಸಕ್ಕ ಹೋಗ್ಬೇಕಲ್ರಿ ನಾನು. ಉಸುಕು ಸೋಸೋಣ್ರಿ" ಎಂದಳು.

ನಮ್ಮ ಅತ್ತಿ ಕಟ್ಟೆಯಿಂದ ಎದ್ದು ನಿಂತು, "ಉಸುಕು ಸೋಸೂ ತನಕಾ ಈ ಮನ್ಯಾಗ ಯಾರ ಹೆಸರೂ ತಗೀಬ್ಯಾಡ್ರಿ" ಎಂದರು. ಬಂದವರು ಒಬ್ಬೊಬ್ಬರಾಗಿ ಹೋದರು. ನಾವು ಗುಡ್ಡೆಯ ಮೇಲೆ ತಾಡಪಾಲು ಹೊದಿಸಿ ನಾಲ್ಕೂ ಕಡೆ ಕಲ್ಲು ಇಟ್ಟೆವು. ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶಾಲೆಯಲ್ಲಿ ಲೆಕ್ಕ ಕಲಿಸುವವಳು, ತಲೆಯಲ್ಲಿ ಲೆಕ್ಕವೇ ಓಡುತ್ತಿತ್ತು. 100 ಘನ ಅಡಿ ಉಸುಕು ಎಂದರೆ ಸುಮಾರು ನಾಲ್ಕೂವರೆ ಟನ್. ಅದರಲ್ಲಿ ಎರಡು ಗ್ರಾಮು. ಇಪ್ಪತ್ತೆರಡೂವರೆ ಲಕ್ಷ ಪಾಲಿನಲ್ಲಿ ಒಂದು ಪಾಲು!

ಬೆಳಿಗ್ಗೆ ಗೌಂಡಿ ಕಟ್ಟಡದ ಕೆಲಸ ನಿಲ್ಲಿಸಿದ. ಸೋಸುವುದೂ ಕೆಲಸವೇ ಎಂದು ನಮ್ಮ ಯಜಮಾನರು ಎಲ್ಲರಿಗೂ ಆ ದಿನದ ಪಗಾರ ಹೇಳಿದರು. ಆಮೇಲೆ ಎದ್ದ ಪ್ರಶ್ನೆಯೇ ಈ ಲೇಖನದ ತಲೆಬರಹ.

ಗೌಂಡಿಯ ಹತ್ತಿರ ಉಸುಕು ಸೋಸುವ ದೊಡ್ಡ ಜಾಳಿಗೆ ಇತ್ತು. ಓರೆಯಾಗಿ ನಿಲ್ಲಿಸಿ ಸಲಿಕೆಯಿಂದ ಎರಚಿದರೆ ಅರ್ಧ ದಿನದಲ್ಲಿ ಗುಡ್ಡೆ ಮುಗಿಯುತ್ತದೆ ಎಂದು ಅವನ ಲೆಕ್ಕ. ಏನೂ ತಪ್ಪಿಸಿಕೊಳ್ಳಬಾರದು, ಹಿಟ್ಟಿನ ಸಾಣಿಗಿಯೇ ಬೇಕು ಎಂದು ನನ್ನ ಲೆಕ್ಕ. ಆ ಹೆಣ್ಣುಮಗಳು ಎರಡಕ್ಕೂ ಹೂಂ ಅನ್ನಲಿಲ್ಲ. "ಇನ್ನೊಂದು ಕಿವ್ಯಾಂದು ಕೊಡ್ರಿ" ಎಂದಳು.

ನಮ್ಮ ಸಣ್ಣಾಕಿಯ ಎಡಗಿವಿಯ ಓಲೆ ಬಿಚ್ಚಿ ಕೊಟ್ಟೆ. ಹೂವಿನಾಕಾರದ ಮುಖ, ಅಗಲ ಎಂಟು ಮಿಲಿಮೀಟರ್ ಇದ್ದೀತು. ಹಿಂದೆ ತೆಳ್ಳನೆಯ ಕಡ್ಡಿ, ಅದಕ್ಕೆ ತಿರುಪು. ಅದನ್ನು ಗೌಂಡಿಯ ಜಾಳಿಗೆಯ ಮೇಲೆ ಇಟ್ಟಳು. ನಿಂತಿತು. ಒಮ್ಮೆ ಅಲುಗಾಡಿಸಿದಳು. ಓಲೆ ಮಗ್ಗುಲಾಗಿ ತಿರುಗಿ ಸುಳಕ್ಕನೆ ಕೆಳಗೆ ಬಿತ್ತು. ಅಗಲ ನೋಡಿ ತೂತು ಆರಿಸಿದರೆ ಮೋಸ. ವಸ್ತು ಅಡ್ಡಡ್ಡ ತಿರುಗಿದಾಗ ಎಷ್ಟು ಸಣ್ಣದಾಗುತ್ತದೆಯೋ ಅದನ್ನು ನೋಡಬೇಕು. ಹಿಟ್ಟಿನ ಸಾಣಿಗಿಗೆ ಒಂದು ಬೊಗಸೆ ಉಸುಕು ಹಾಕಿದಳು. ಹಿಂಗಾರಿ ಮಳೆಗೆ ನೆನೆದ ಉಸುಕು, ಹಿಟ್ಟಿನ ಮುದ್ದೆಯಂತೆ ಕೂತೇ ಬಿಟ್ಟಿತು. ಕೊನೆಗೆ ಕಡಲಿ ಜರಡಿ. ಓಲೆಯ ಕಡ್ಡಿ ತೂತಿನಲ್ಲಿ ಇಳಿಯಿತು, ಹೂವು ಛತ್ರಿಯಂತೆ ಮೇಲೆಯೇ ನಿಂತಿತು. ಹತ್ತು ಸಲ ಅಲುಗಾಡಿಸಿದರೂ ಬೀಳಲಿಲ್ಲ. "ಇದಾ" ಎಂದಳು. ಗೌಂಡಿ ತನ್ನ ಜಾಳಿಗೆಯನ್ನು ಸುಮ್ಮನೆ ಗೋಡೆಗೆ ಒರಗಿಸಿದ.

ಒದ್ದೆ ಉಸುಕು ಕಡಲಿ ಜರಡಿಯಲ್ಲೂ ಬೇಗ ಇಳಿಯುವುದಿಲ್ಲ. ಅದಕ್ಕೆ ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ನೀರು ತುಂಬಿಸಿ, ಜರಡಿಯನ್ನು ನೀರಿನಲ್ಲಿ ಮುಳುಗಿಸಿ ಅಲುಗಾಡಿಸುವುದು ಎಂದಾಯಿತು. ನೀರಿನೊಳಗೆ ಉಸುಕು ತನ್ನ ಹಿಡಿತ ಬಿಡುತ್ತದೆ. ಎರಡು ಸಲ ಅಲುಗಾಡಿಸುವಷ್ಟರಲ್ಲಿ ಜರಡಿಯಲ್ಲಿ ಬರೀ ಹರಳು. ಎಲ್ಲಿಂದ ಶುರು ಮಾಡುವುದು? ಮಕ್ಕಳಿಬ್ಬರನ್ನೂ ಕರೆದು, ನಿನ್ನೆ ಗುಡಿ ಎಲ್ಲಿ ಕಟ್ಟಿದ್ದಿರಿ, ಬಾವಿ ಎಲ್ಲಿ ತೋಡಿದ್ದಿರಿ ಎಂದು ಕೇಳಿ ಅಲ್ಲೆಲ್ಲ ಕಡ್ಡಿ ನೆಟ್ಟೆವು. ಗೌಂಡಿ ನಿನ್ನೆ ಕಲಸಲು ಉಸುಕು ತೆಗೆದದ್ದು ಬೇರೆ ಮಗ್ಗುಲಿನಿಂದ ಎಂಬುದು ಆಗ ನೆನಪಾಯಿತು. ನನ್ನ ಎದೆಯ ಭಾರ ಅರ್ಧ ಇಳಿಯಿತು. ಓಲೆ ಗೋಡೆಯ ಒಳಗೆ ಸೇರಿಲ್ಲ.

ಹಗ್ಗ ಹಾಕಿ ಚೌಕ ಮಾಡಿಕೊಂಡು, ಒಂದು ಚೌಕ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋದೆವು. ಒಬ್ಬರು ಬುಟ್ಟಿ ತುಂಬುವುದು, ಆಕೆ ಜರಡಿ ಹಿಡಿಯುವುದು, ನಾನು ಉಳಿದ ಹರಳು ನೋಡುವುದು. ಮಧ್ಯಾಹ್ನದವರೆಗೆ ಸಿಕ್ಕದ್ದು ಮೂರು ಬಳೆ ಚೂರು, ಒಂದು ಮೊಳೆ, ಒಂದು ಶಂಖದ ಹುಳದ ಚಿಪ್ಪು, ಒಂದು ರೂಪಾಯಿ. ರೂಪಾಯಿ ಸಿಕ್ಕಾಗ ಎಲ್ಲರೂ ಹೋ ಎಂದು ನಕ್ಕೆವು, ಆಕೆ ನಗಲಿಲ್ಲ. ಅವಳ ಮಗಳು ಆ ದಿನ ಉಸುಕಿನ ಹತ್ತಿರವೂ ಬರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಜರಡಿ ನೀರಿನಿಂದ ಮೇಲೆ ಬಂದಾಗ ಹರಳುಗಳ ನಡುವೆ ಹಳದಿ ಹೂವು ಕೂತಿತ್ತು. ಆಕೆ ಅದನ್ನು ಕೈಯಿಂದ ಮುಟ್ಟಲಿಲ್ಲ. ಜರಡಿಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ನಮ್ಮ ಅತ್ತಿಯ ಮುಂದೆ ಇಟ್ಟಳು. ಅತ್ತಿ ಓಲೆ ತೆಗೆದು ಕಣ್ಣಿಗೊತ್ತಿಕೊಂಡು, ಓಣಿಗೆಲ್ಲ ಕೇಳುವ ದನಿಯಲ್ಲಿ "ಸಿಕ್ಕತವಾ, ಉಸುಕಿನ್ಯಾಗ ಸಿಕ್ಕತಿ!" ಎಂದು ಕೂಗಿದರು. ಹಿಂದಿನ ಸಂಜೆ ದನಿ ತಗ್ಗಿಸಿ ಮಾತಾಡಿದವರ ಮನೆಯ ಬಾಗಿಲು ಆಗ ತೆರೆದೇ ಇತ್ತು.

ತಿರುಪು ಮಾತ್ರ ಬಾಕಿ. ಅದು ಕಡಲಿ ಜರಡಿಯ ತೂತಿಗಿಂತ ಸಣ್ಣದು, ಆದ್ದರಿಂದ ಕೆಳಗಿನ ಉಸುಕಿನಲ್ಲೇ ಇರಬೇಕು. ಡ್ರಮ್ಮಿನ ತಳದ ಉಸುಕನ್ನು ಆಕೆ ಪರಾತದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿಕೊಂಡು, ನೀರು ಬೆರೆಸಿ, ಅಕ್ಕಿಯಿಂದ ಕಲ್ಲು ಗಾಳಿಸುವಂತೆ ತಿರುಗಿಸುತ್ತ ಮೇಲಿನದನ್ನು ಚೆಲ್ಲುತ್ತ ಹೋದಳು. ಕೊನೆಗೆ ತಳದಲ್ಲಿ ಒಂದು ಚಿಟಿಕೆ ಕರಿ ಉಸುಕು ಉಳಿಯಿತು, ಅದರ ನಡುವೆ ತಿರುಪು. ಜರಡಿ ಹಿಡಿಯುವುದು ದೊಡ್ಡದನ್ನು, ನೀರು ಹಿಡಿಯುವುದು ಭಾರವಾದದ್ದನ್ನು.

ಇದರ ಹಿಂದಿನ ಲೆಕ್ಕ ಸರಳ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಅಷ್ಟೇ ಜಾಗ ತುಂಬುವ ಬೆಣಚುಕಲ್ಲು 2.65 ಕಿಲೋ, ಕಬ್ಬಿಣ 7.9 ಕಿಲೋ, ಅಪ್ಪಟ ಬಂಗಾರ 19.3 ಕಿಲೋ. ಆದ್ದರಿಂದಲೇ ನೀರಿನಲ್ಲಿ ಅಲುಗಾಡಿಸಿದಾಗ ಉಸುಕು ಮೇಲೇಳುತ್ತದೆ, ಕಬ್ಬಿಣದ ಅಂಶವಿರುವ ಕರಿ ಉಸುಕು ಅದರ ಕೆಳಗೆ, ಬಂಗಾರ ಎಲ್ಲಕ್ಕಿಂತ ತಳದಲ್ಲಿ.

ನಮ್ಮ ಸೀಮೆಗೆ ಈ ವಿದ್ಯೆ ಹೊಸದಲ್ಲ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಉಸುಕು ತೊಳೆದು ಬಂಗಾರದ ಕಣ ತೆಗೆಯುತ್ತಿದ್ದ ಜಲಗಾರರು ಇದ್ದರು. ಕುವೆಂಪು ಅವರ 'ಜಲಗಾರ' ನಾಟಕ ಓದಿದವರಿಗೆ ಆ ಪದ ಬೀದಿ ಗುಡಿಸುವವನಾಗಿ ಗೊತ್ತು. ನಮ್ಮ ಕಡೆ ಅದು ಬಂಗಾರ ತೊಳೆಯುವವರ ಹೆಸರೂ ಹೌದು. ಸೊರಟೂರು, ಡೋಣಿ ಕಡೆಯ ಹಳ್ಳಗಳು ಇದಕ್ಕೆ ಹೆಸರಾಗಿದ್ದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಡಂಬಳ ಗುಡ್ಡಗಳ ಈ ಬಂಗಾರದ ಬಗ್ಗೆ 1874ರಲ್ಲೇ ಬರೆದಿದ್ದಾರೆ. ಆಗ ಅದೆಲ್ಲ ನಮ್ಮ ಧಾರವಾಡ ಜಿಲ್ಲೆಯೇ. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಜಲಗಾರರ ಕೈಯಲ್ಲಿದ್ದದ್ದು ಮರದ ತೊಟ್ಟಿ, ಮರದ ತಟ್ಟೆ, ಮತ್ತು ತಾಳ್ಮೆ.

ಮುಂದಿನ ವರ್ಷ ನನ್ನ ಅಕ್ಕನ ಮಗ ಆಸ್ಟ್ರೇಲಿಯಾದಿಂದ ಬಂದ. ಅವನಿರುವುದು ಸಮುದ್ರತೀರದ ಪರ್ತ್ ಊರಿನಲ್ಲಿ. ಅಲ್ಲಿ ರಜೆಯ ದಿನ ಮೆಟಲ್ ಡಿಟೆಕ್ಟರ್ ಹಿಡಿದು ದಂಡೆಯಲ್ಲಿ ಜನ ಕಳೆದುಕೊಂಡ ನಾಣ್ಯ, ಉಂಗುರ ಹುಡುಕುವುದು ಒಂದು ಹವ್ಯಾಸ. ನಮ್ಮ ಓಲೆಯ ಕತೆ ಫೋನಿನಲ್ಲಿ ಕೇಳಿದ್ದವನು, ಬರುವಾಗ ತಾನು ಉಸುಕು ಎತ್ತುವ ಸಲಕರಣೆಯನ್ನೇ ತಂದು ತೋರಿಸಿದ. ನೋಡಿದ ಕೂಡಲೇ ನಮ್ಮ ಅತ್ತಿ, "ಅಯ್ಯ, ಇದು ಬಜಿ ತೆಗಿಯೋ ಝಾರಾ ಅಲ್ಲೇನ!" ಎಂದರು. ಹೌದು, ಹಾಗೇ ಇತ್ತು. ಮೈತುಂಬ ತೂತಿರುವ ಉಕ್ಕಿನ ಬಕೀಟು, ಮುಂದೆ ಚೂಪಾದ ಬಾಯಿ, ಹಿಂದೆ ಕಾವು ಸಿಗಿಸುವ ಕೊಳವೆ.

ಡಿಟೆಕ್ಟರಿನ ಕೆಲಸವನ್ನು ಅವನು ಮಕ್ಕಳಿಗೆ ತಿಳಿಸಿ ಹೇಳಿದ. ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿಸಿದರೆ ಸುತ್ತ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ, ಕೆಳಗೆ ಲೋಹವಿದ್ದರೆ ಅದರಲ್ಲೂ ವಿದ್ಯುತ್ ಹರಿದು ಮರುಸುದ್ದಿ ಬರುತ್ತದೆ, ಯಂತ್ರ ಕೂಗುತ್ತದೆ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಮೈಯಲ್ಲಿದ್ದ ಗುಂಡು ಹುಡುಕಲು ಇಂಥದೇ ಯಂತ್ರ ಒಯ್ದಿದ್ದರು. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೂ ಸದ್ದು ಮಾಡಿಸಿದವಂತೆ, ಗುಂಡು ಸಿಗಲಿಲ್ಲ. ಯಂತ್ರ ಇಲ್ಲಿದೆ ಎಂದಷ್ಟೇ ಹೇಳುತ್ತದೆ, ಎತ್ತಿಕೊಡುವುದಿಲ್ಲ. ಎತ್ತುವುದಕ್ಕೆ ಝಾರಾ ಬೇಕು.

ಝಾರಾ ಆರಿಸುವಾಗ ಅವನು ನೋಡುವ ವಿಷಯಗಳು ನಮ್ಮ ಅಡುಗೆಮನೆಯ ವಿಷಯಗಳೇ. ಮೊದಲು ತೂತು. ದೊಡ್ಡ ತೂತಿದ್ದರೆ ಉಸುಕು ಬೇಗ ಸುರಿಯುತ್ತದೆ, ಆದರೆ ಸಣ್ಣ ಓಲೆ, ತೆಳು ಸರ ಜೊತೆಗೇ ಹೋಗುತ್ತವೆ. ಸಣ್ಣ ತೂತಿದ್ದರೆ ಏನೂ ಹೋಗುವುದಿಲ್ಲ, ಆದರೆ ಕೈ ಸೋಲುತ್ತದೆ. ನಮ್ಮ ಒಂದು ರೂಪಾಯಿ ನಾಣ್ಯ ಸುಮಾರು 22 ಮಿಲಿಮೀಟರ್ ಅಗಲ. ನಾಣ್ಯ, ಉಂಗುರ ಹುಡುಕುವವರಿಗೆ 10ರಿಂದ 12 ಮಿಲಿಮೀಟರ್ ತೂತು ಸಾಕು. ಜೇನುಗೂಡಿನಂಥ ಆರು ಮೂಲೆಯ ತೂತಾದರೆ ನಡುವೆ ತಗಡು ಕಡಿಮೆ ಉಳಿಯುತ್ತದೆ, ಉಸುಕು ಇನ್ನೂ ಬೇಗ ಇಳಿಯುತ್ತದೆ. ಎರಡನೆಯದು ಲೋಹ. ಸ್ಟೇನ್‌ಲೆಸ್ ಸ್ಟೀಲು ಗಟ್ಟಿ, ಉಪ್ಪುನೀರಿಗೂ ಬಾಳುತ್ತದೆ, ಆದರೆ ಭಾರ. ಅಲ್ಯೂಮಿನಿಯಂ ಅದರ ಮೂರನೇ ಒಂದು ಪಾಲು ತೂಕ, ಆದರೆ ಕಲ್ಲಿಗೆ ತಾಗಿದರೆ ಬಾಗುತ್ತದೆ. ಒಣ ಉಸುಕಿಗೆ ಪ್ಲಾಸ್ಟಿಕ್ಕಿನದೂ ನಡೆಯುತ್ತದೆ. ಅದರಲ್ಲೊಂದು ಅನುಕೂಲ, ಡಿಟೆಕ್ಟರಿನ ಮುಂದೆ ಹಿಡಿದರೆ ಪ್ಲಾಸ್ಟಿಕ್ ಕೂಗಿಸುವುದಿಲ್ಲ, ಒಳಗಿನ ಉಂಗುರ ಮಾತ್ರ ಕೂಗಿಸುತ್ತದೆ.

ಮೂರನೆಯದು ಕಾವು. ದಂಡೆಯ ಒಣ ಉಸುಕಿನಲ್ಲಿ ಕೂತು ಕೆಲಸ ಮಾಡುವವರಿಗೆ ಗೇಣುದ್ದದ ಹಿಡಿಕೆ ಸಾಕು. ಮೊಣಕಾಲುದ್ದ ನೀರಿನಲ್ಲಿ ನಿಲ್ಲುವವರಿಗೆ ಎದೆಯೆತ್ತರದ ಕಾವು ಬೇಕು, ಬಕೀಟಿನ ಹಿಂಬದಿಯಲ್ಲಿ ಕಾಲಿಟ್ಟು ಒತ್ತಲು ಜಾಗವೂ ಬೇಕು. ಅವನು ಕಾವು ತಂದಿರಲಿಲ್ಲ. ನಮ್ಮ ಊರಿನ ಬಡಿಗೇರರು ಸಲಿಕೆಯ ಕಾವನ್ನೇ ಕೆತ್ತಿ ಕೂರಿಸಿಕೊಟ್ಟರು.

ಆ ವಾರ ಎಲ್ಲರೂ ಗೋಕರ್ಣಕ್ಕೆ ಹೋದೆವು. ಒಣ ಉಸುಕು ಎರಡೇ ಸಲ ಜಾಡಿಸಿದ್ದಕ್ಕೆ ಪೂರ್ತಿ ಸುರಿಯಿತು. ಅಲೆ ಬಂದು ಹೋದ ಜಾಗದ ಒದ್ದೆ ಉಸುಕು ಇಡ್ಲಿಯಂತೆ ಕೂತಿತು. ಬರುವ ಅಲೆಗೆ ಝಾರಾ ಹಿಡಿದು ಅಲುಗಾಡಿಸಿದರೆ ನಮ್ಮ ಡ್ರಮ್ಮಿನಲ್ಲಿ ಆದದ್ದೇ ಅಲ್ಲೂ ಆಯಿತು. ಮಕ್ಕಳಿಗೆ ಸಿಕ್ಕದ್ದು ಒಂದು ಬೊಗಸೆ ಚಿಪ್ಪು.

ಊರಿಗೆ ಬಂದ ಮೇಲೆ ಆ ಹೆಣ್ಣುಮಗಳಿಗೂ ಝಾರಾ ತೋರಿಸಿದೆ. ಈಗ ಆಕೆ ಗೌಂಡಿ ಕೆಲಸದ ಜೊತೆಗೆ ಸುಗ್ಗಿಯಲ್ಲಿ ನಮ್ಮ ಕಡಲಿ ರಾಶಿಗೂ ಬರುತ್ತಾಳೆ. ತಿರುಗಿಸಿ ನೋಡಿದಳು, ತೂತಿಗೆ ಕಿರುಬೆರಳು ಹಾಕಿದಳು, ಎತ್ತಿ ತೂಕ ನೋಡಿದಳು. "ಕಾವು ಚಲೋ ಐತ್ರಿ. ಆದ್ರ ನಮ್ಮ ಓಲಿ ಇದ್ರಾಗ ನಿಲ್ತಿದ್ದಿಲ್ಲ" ಎಂದಳು. ಅಕ್ಕನ ಮಗ ನಕ್ಕು, "ಅಕ್ಕಾರ, ನೀವು ಅಂಗಡಿಗೆ ಬಂದಿದ್ರ ನನಗ ಎರಡು ತಗೋಳ್ಳಾಕ ಹಚ್ಚತಿದ್ರಿ" ಎಂದ. 'ನಮ್ಮ ಓಲಿ' ಎಂದಳಲ್ಲ, ಅದು ನನ್ನ ಕಿವಿಯಲ್ಲಿ ಉಳಿದಿದೆ.

ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಕಳೆದ ಸ್ವಂತ ವಸ್ತು ಹುಡುಕುವುದು ಬೇರೆ, ನೆಲದಲ್ಲಿ ಹುದುಗಿದ ಹಳೆಯ ನಾಣ್ಯ, ಒಡವೆ ಸಿಕ್ಕರೆ ಬೇರೆ. 1878ರಲ್ಲೇ ನಿಧಿ ಕಾಯ್ದೆ ಬಂದಿದೆ, ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ಅಂಥದ್ದು ಸಿಕ್ಕರೆ ಸರಕಾರಕ್ಕೆ ತಿಳಿಸಬೇಕು. ಲಕ್ಕುಂಡಿ, ಹಂಪಿಯಂಥ ಸ್ಮಾರಕಗಳ ಸುತ್ತ ಅಗೆಯಲೇಬಾರದು.

ಉಸುಕಿನಲ್ಲಿ ಏನಾದರೂ ಕಳೆದರೆ ಮೊದಲು ಯಾರೂ ಅಲ್ಲಿ ಓಡಾಡದಂತೆ ನೋಡಿಕೊಳ್ಳಿ. ಎಲ್ಲಿ ಕೂತಿದ್ದಿರಿ ಎಂದು ನೆನಪಿಸಿಕೊಂಡು ಕಡ್ಡಿ ನೆಡಿ. ಜೋಡಿಯ ಇನ್ನೊಂದು ಇದ್ದರೆ ಅದನ್ನು ಜರಡಿಯಲ್ಲಿ ಹಾಕಿ ಪರೀಕ್ಷಿಸಿ. ಸೋಸಿ ಮುಗಿಯುವವರೆಗೆ ಯಾರ ಹೆಸರನ್ನೂ ಹೇಳಬೇಡಿ.

ರಜೆ ಬಂದರೆ ನಮ್ಮ ಮನೆಯ ಮುಂದೆ ಈಗ ಒಂದು ಆಟ ನಡೆಯುತ್ತದೆ. ಒಂದು ಬುಟ್ಟಿ ಉಸುಕಿನಲ್ಲಿ ಒಂದು ಗುಂಡಿ, ಒಂದು ನಾಣ್ಯ, ಒಂದು ಕಡಲಿಕಾಳು, ಒಂದು ಸಣ್ಣ ಮೊಳೆ, ಒಂದು ಮಣಿ ಹುಗಿಯುವುದು. ಮೂರು ಜರಡಿಗಳಲ್ಲಿ ಒಂದನ್ನು ಮಾತ್ರ ಆರಿಸಿ, ಏನು ಸಿಗುತ್ತದೆ, ಏನು ತಪ್ಪುತ್ತದೆ ಎಂದು ಮೊದಲೇ ಹೇಳಿ, ಆಮೇಲೆ ಸೋಸುವುದು. ನಮ್ಮ ಸಣ್ಣಾಕಿ ಪ್ರತಿ ಸಲ ದೊಡ್ಡ ತೂತಿನದಕ್ಕೇ ಕೈ ಹಾಕುತ್ತಾಳೆ, ಬೇಗ ಮುಗಿಯುತ್ತದೆ ಎಂದು. ಅವಳ ಗೆಳತಿ ಮಾತ್ರ ಮೊದಲು ಮಣಿಯನ್ನು ಕೈಗೆ ತೆಗೆದುಕೊಂಡು ಮೂರೂ ಜರಡಿಗಳ ಮೇಲೆ ಉರುಳಿಸಿ ನೋಡುತ್ತಾಳೆ. ಗೆಲ್ಲುವುದು ಬಹಳ ಸಲ ಅವಳೇ.